ಬಾಯಿಬಿಡದ ಬಿ

ಸಜಾದ ಲೇಬರ್ ಕ್ಯಾಂಪಿನ ಮೆಸ್ಸು. ಶುಕ್ರವಾರ.
ಬೇಳೆಸಾರಿನ ಕಲೆ ಒರೆಸಿದ ಉದ್ದ ಮೇಜು.
ಹೊರಗೆ ನಲವತ್ತೇಳು ಡಿಗ್ರಿ,
ತಣ್ಣೀರ ನಲ್ಲಿ ತಿರುಗಿಸಿದರೂ ಕೈ ಸುಡುತ್ತದೆ.
ಬೋರ್ಡಿನ ಮೇಲೆ ಬರೆಯುತ್ತೇನೆ: ಕೋಲ್ಡ್.

ನಗುತ್ತಾರೆ. ನಗಲಿ.
ಹನ್ನೊಂದು ಜನ, ಹನ್ನೊಂದು ಜನಕ್ಕೂ ಒಂದೇ ಕೆಲಸ:
ಮೈನಸ್ ಇಪ್ಪತ್ತೆರಡರ ಗೋದಾಮಿನಲ್ಲಿ
ಎಲ್ಲಿಯದೋ ಕೋಳಿ, ಎಲ್ಲಿಯದೋ ಮೀನು,
ಪೆಟ್ಟಿಗೆ ಇಳಿಸುವುದು, ಪೆಟ್ಟಿಗೆ ಏರಿಸುವುದು.

ನಾನೋ ವಾರವೆಲ್ಲ ಲೆಕ್ಕ ಬರೆಯುವವಳು.
ನಾನು ಕಂಡ ಹಿಮವೆಂದರೆ
ತದಡಿ ಬಂದರಿನಲ್ಲಿ ಬಂಗಡೆಯ ಮೇಲೆ ಸುರಿದ ಪುಡಿಗಡ್ಡೆ.
ಹೊಟ್ಟೆ ತಣ್ಣಗಿರಲಿ ಎಂದು ಹರಸುವ ಭಾಷೆ ನನ್ನದು,
ಉಪಕಾರ ಮಾಡಿದವರನ್ನು
ತಣ್ಣನೆಯ ಹೊತ್ತಿನಲ್ಲಿ ನೆನೆಯುವ ಭಾಷೆ.
ಅಲ್ಲಿಂದ ಎದ್ದು ಬಂದು ಈಗ ಹೇಳಬೇಕು,
ತಣ್ಣಗಾದರೆ ಸಾಯುತ್ತೀರಿ ಎಂದು.

ಬೆವರಿದ ಬನಿಯನ್ನಿನಲ್ಲಿ ಒಳಗೆ ಹೋಗಬೇಡಿ, ಬದಲಿಸಿ.
ಬಾಗಿಲು ತಾನಾಗಿ ಹಾಕಿಕೊಂಡರೆ
ಒಳಗಿನ ಹಸಿರು ಗುಂಡಿ. ಪುಶ್. ಪುಲ್ ಅಲ್ಲ.
ಪುಶ್ ಎಂದು ಹನ್ನೊಂದು ಅಂಗೈಗಳು
ಮೆಸ್ಸಿನ ಗಾಳಿಯನ್ನು ತಳ್ಳುತ್ತವೆ.
ಮೊತಾಲೆಬ್ ಮಾತ್ರ ಎಳೆಯುತ್ತಾನೆ, ಪ್ರತಿ ಸಲ.

ಆಮೇಲೆ ಬೆರಳಿನ ಪಾಠ.
ಥಂಬ್. ಲಿಂಬ್. ನಂಬ್.
ಯಾದಗಿರಿಯ ಸಾಬಣ್ಣ ಕೈ ಎತ್ತಿದ:
‘ಅಕ್ಕಾರ, ನಂಬು ಅಂತೀರಲ್ರೀ, ಯಾರನ್ನ?’
ಒಂದು ಗಳಿಗೆ ನನಗೂ ತೋಚಲಿಲ್ಲ.
ಇದು ಜೋಮು ಹಿಡಿಯೋದಪ್ಪಾ, ಕೊನೆಯ ಬಿ ಅನ್ನಬಾರದು, ನಮ್ ಅಷ್ಟೇ.
‘ಅನ್ನಬಾರ್ದಿದ್ರ ಬರಿಯೋದ್ಯಾಕ?’
ಇರುತ್ತದೆ ಸಾಬಣ್ಣ. ಇದ್ದಲ್ಲೇ ಇರುತ್ತದೆ,
ಕರೆದರೆ ಓಗೊಡುವುದಿಲ್ಲ.

ಮುಗು ಜಿಲ್ಲೆಯ ಡಂಬರ್ ಆಗ ಎದ್ದ.
ಹಿಮ ಕಂಡವನು ಅವನೊಬ್ಬನೇ.
ಬೆರಳು ಬೆಳ್ಳಗಾದರೆ ಉಜ್ಜಬೇಡಿ, ಅಂದ, ಹಿಂದಿಯಲ್ಲಿ.
ಬೆಂಕಿಗೂ ಹಿಡಿಯಬೇಡಿ. ಕಂಕುಳಲ್ಲಿ ಇಟ್ಟುಕೊಳ್ಳಿ,
ಮರಿಯನ್ನು ಇಟ್ಟುಕೊಂಡಂತೆ.
ನೋಯುತ್ತಿರುವವರೆಗೆ ಹೆದರಿಕೆಯಿಲ್ಲ;
ನೋವು ನಿಂತಿತೋ, ಓಡಿ.
ನನ್ನ ಪುಸ್ತಕದಲ್ಲಿ ಈ ಪುಟ ಇರಲಿಲ್ಲ.
ಮಾರ್ಕರ್ ಅವನ ಕೈಗೆ ಕೊಟ್ಟು
ಬೆಂಚಿನಲ್ಲಿ ಕೂತೆ, ಸಾಬಣ್ಣನ ಪಕ್ಕ.

ಆ ರಾತ್ರಿ ಮನೆಯಲ್ಲಿ ಫ್ರಿಜ್ಜಿನ ಮೇಲಿನ ಖಾನೆ ತೆಗೆದು
ಹೆಬ್ಬೆರಳನ್ನು ಮಂಜಿಗೆ ಒತ್ತಿ ಎಣಿಸತೊಡಗಿದೆ.
ನೂರು ಮುಟ್ಟಲಿಲ್ಲ.
ಅವರ ಪಾಳಿ ಇಪ್ಪತ್ತು ನಿಮಿಷ ಎಂದು ಗೋಡೆಯ ಮೇಲಿದೆಯಂತೆ,
ಟ್ರಕ್ಕು ತಡವಾದ ದಿನ ಗೋಡೆಯನ್ನು ಯಾರೂ ಓದುವುದಿಲ್ಲವಂತೆ.

ಹಾಗಾಗಿ ಮರುವಾರ ವ್ಯಾಕರಣ ಬಿಟ್ಟೆ.
ಒಂದೇ ವಾಕ್ಯ: ಟ್ವೆಂಟಿ ಮಿನಿಟ್ಸ್ ಓವರ್, ಸರ್.
ಸರ್ ಜೋರಾಗಿ ಬರುತ್ತಿತ್ತು, ಎಲ್ಲರಿಗೂ, ಕಲಿಸದೆಯೇ.
ಓವರ್ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು.
ಮೂವತ್ತು ಸಲ ಹೇಳಿಸಿದೆ. ಅಡುಗೆಯವನೂ ಕಲಿತ.

ನಿನ್ನೆ ಮೊತಾಲೆಬ್ ತಡವಾಗಿ ಬಂದ.
ಬಲಗೈಗೆ ಬಿಳಿ ಪಟ್ಟಿ, ಸೋರೆಕಾಯಿಯಷ್ಟು ದಪ್ಪ.
ಹೇಳಿದೆಯಾ, ಕೇಳಿದೆ. ಹೇಳಿದೆ ಮಿಸ್, ಅಂದ.
ಅವರೇನಂದರು?
ನಕ್ಕರು ಮಿಸ್. ನನ್ನ ಇಂಗ್ಲಿಷಿಗೆ.

ಮತ್ತೆ ಪಟ್ಟಿ ಕಟ್ಟಿದ ಕೈ ಎತ್ತಿ ಹಿಡಿದು,
ಪಾಠ ಒಪ್ಪಿಸುವವನ ಹಾಗೆ,
ಮೈ ಥಂಬ್ ಈಸ್ ನಂಬ್, ಅಂದ.
ಎರಡೂ ಬಿ, ತುಟಿ ಕೂಡಿಸಿ,
ಕದ ಬಡಿದಂತೆ.

ನಾನು ತಿದ್ದಲಿಲ್ಲ.