ಒತ್ತು

ಪೆಡಲನ್ನು ಪೂರ್ತಿ ಒತ್ತಿದರೂ
ಏನೋ ಒಂದು ಕಮ್ಮಿ.
ಸದ್ದು ಕಮ್ಮಿಯಲ್ಲ. ಸದ್ದು ಇದೆ,
ಚೌಟ್ರಿಯ ಕೊನೆ ಸಾಲಿನ ಕುರ್ಚಿಯವರೆಗೂ ಹೋಗುತ್ತದೆ,
ಅಂಚು ಮಾತ್ರ ದಾರಿಯಲ್ಲೆಲ್ಲೋ ಉದುರಿರುತ್ತದೆ.

ಹಾಸನದ ಬ್ಯಾಂಡಿನವನೊಬ್ಬ ಗಿಟಾರು ಬಿಟ್ಟು ಸೀಮೆ ಹಸು ಕಟ್ಟಿದಾಗ
ಎಂಟುನೂರಕ್ಕೆ ಕೊಟ್ಟ ಪೆಡಲು.
ಮೊದಲು ಹೇಳಿದವಳು ಜಬೀನಾ,
ಕಡೂರು ರಸ್ತೆಯ ಆರತಕ್ಷತೆಯೊಂದರಲ್ಲಿ, ಎರಡು ಹಾಡಿನ ನಡುವೆ
ಮೈಕಿಗೆ ಅಂಗೈ ಅಡ್ಡ ಹಿಡಿದು:
‘ನಿನ್ನ ಗಿಟಾರು ಕಂಬಳಿ ಹೊದ್ಕೊಂಡಿದ್ಯಾ ಹೇಗೆ?’

ತಂತಿ ಬದಲಿಸಿದೆ. ವೈರು ಬದಲಿಸಿದೆ.
ಪೆಡಲು ಬಿಟ್ಟು ನೇರ ಸಿಕ್ಕಿಸಿದೆ. ಬಂತು,
ಬಳೆಗೆ ಬಳೆ ತಗುಲಿದ ಹಾಗೆ.
ಪೆಡಲು ಸೇರಿಸಿದೆ. ಹೋಯಿತು.

ಮಾರ್ಕೆಟ್ ರೋಡಿನಲ್ಲಿ, ಸೈಕಲ್ ಅಂಗಡಿಯ ಮೇಲೆ
ಸಿಪ್ರಿಯನ್ ಅಂಕಲ್ಲರ ರಿಪೇರಿ ಕೋಣೆ.
ಇಪ್ಪತ್ತಾರು ವರ್ಷ ಕಾಫಿ ಕ್ಯೂರಿಂಗಿನಲ್ಲಿ
ಹಲ್ಲರ್ ಮಷೀನಿನ ಪಕ್ಕ ನಿಂತ ಕಿವಿ ಅವರದು.
ಬೀಜದ ಸಿಪ್ಪೆ ಹಾರಿಸುತ್ತ ಹಾರಿಸುತ್ತ
ಮಾತಿನ ಮೇಲ್ಪೊರೆಯನ್ನೂ ಒಯ್ದಿತು ಮಷೀನು.
ಈಗ ಬಾಯಿ ನೋಡಿ ಕೇಳುತ್ತಾರೆ.
ದೊಡ್ಡ ಮೀಸೆಯವರು ಬಂದರೆ ಕಷ್ಟ.

ಪೆಡಲಿನ ಹೊಟ್ಟೆ ಬಿಚ್ಚಿದರು.
ಒಂದು ದಾರ, ಒಂದು ಗಾಲಿ,
ಹಳೇ ರೇಡಿಯೋದಲ್ಲಿರುವಂಥ ವಾಲ್ಯೂಮಿನ ತಿರುಗಣೆ. ಅಷ್ಟೇ.
ಬ್ಯಾಟರಿಯಿಲ್ಲ, ದೀಪವಿಲ್ಲ.
ಮೀಟರು ಹಚ್ಚಿ, ‘ಸರಿಯಾಗೇ ಇದೆಯಲ್ಲ’ ಎಂದರು.
‘ಏನು ಹೋಗಿದೆ ಅಂತ ನೀನು ಹೇಳು. ನಂಗೆ ಕೇಳ್ಸಲ್ಲ.’

ಹೇಗೆ ಹೇಳುವುದು?
ಬೆಳಕು ಎಂದೆ. ಸುಮ್ಮನಿದ್ದರು.
ದೋಸೆಯ ಅಂಚು ಎಂದೆ. ನಕ್ಕರು.
ಕೊನೆಗೆ ಅವರ ಬಿಲ್ ಪುಸ್ತಕ ಎಳೆದುಕೊಂಡು
ಹಿಂದುಗಡೆ ಬರೆದೆ: ಅಕ, ಅಪ, ಹಬ, ಬೆಲ.
‘ಒತ್ತು ಬಿಟ್ಟು ಬರೆದ ಹಾಗೆ ಕೇಳ್ತದೆ, ಅಂಕಲ್.
ಅರ್ಥ ಆಗುತ್ತೆ. ಆದರೆ ಬೆಲ ಸಿಹಿ ಇರಲ್ಲ.’

ಆ ನಾಲ್ಕು ಪದ ನೋಡುತ್ತ ಬಹಳ ಹೊತ್ತು ಕೂತರು.
‘ನನ್ನ ಮೊಮ್ಮಗಳು ಮಾತಾಡೋದು ಹೀಗೇ.’
ಮಗು ಸರಿಯಾಗಿಯೇ ಮಾತಾಡುತ್ತದೆ. ಕೇಳಿದ್ದೇನೆ ನಾನು,
ಕೆಳಗೆ, ಸೈಕಲ್ ಅಂಗಡಿಯವನ ಹತ್ತಿರ
ಬಲೂನಿಗೆ ಗಾಳಿ ಕೇಳುವಾಗ.
ಹೇಳಲಿಲ್ಲ.

ಆಮೇಲೆ ಸೀಸದ ಹೊಗೆಯ ನಡುವೆ ವಿವರಿಸಿದರು:
ನಿನ್ನ ಗಿಟಾರಿನದು ಬಡ ಕರೆಂಟು,
ಸಣ್ಣ ಪೈಪಿನ ನೀರು ಅನ್ಕೋ.
ದಾರೀಲಿ ಈ ಪೆಡಲು ಒಂದು ನಲ್ಲಿ ತೆಗೀತದೆ,
ಟ್ಯೂನರಿನ ತೂತು ಇನ್ನೊಂದು,
ಉದ್ದ ವೈರು ಮಣ್ಣಿನ ಗೋಡೆ ಥರ ಸುಮ್ಮನೆ ಹೀರ್ತದೆ.
ದಪ್ಪ ಸ್ವರ ಹೇಗೋ ದಾಟ್ತವೆ, ಸಣ್ಣವೇ ಮೊದಲು ಸಾಯ್ತವೆ.
ಇದರದ್ದು ತಪ್ಪಿಲ್ಲ ಬಿಡು. ಕಳೆಯೋ ಲೆಕ್ಕ ಒಂದೇ ಗೊತ್ತು ಇದಕ್ಕೆ,
ಕೂಡೋದು ಯಾರೂ ಕಲಿಸಿಲ್ಲ.

ಚಿಕೋರಿಯ ತಗಡಿನ ಡಬ್ಬಿಯಲ್ಲಿ
ಒಂದು ಐಸಿ, ನಾಲ್ಕು ರೆಸಿಸ್ಟರು, ಒಂಬತ್ತು ವೋಲ್ಟಿನ ಬ್ಯಾಟರಿ.
ಪೆಡಲಿಗಿಂತ ಮುಂಚೆ ಇದನ್ನಿಡು, ಎಂದರು, ಬೆನ್ನಿಗೆ ಕೈ ಕೊಡ್ತದೆ.
ಮೀಟಿದೆ.
ಅವರು ಬಗ್ಗಿ ಗಿಟಾರಿನ ತಲೆಗೆ ಹಲ್ಲೂರಿ
ಕಣ್ಣು ಮುಚ್ಚಿ, ತೆರೆದು, ನನ್ನ ಮುಖ ನೋಡಿದರು.
‘ಬಂತಾ?’
‘ಬಂತು’ ಎಂದೆ, ತುಟಿ ಅಗಲಿಸಿ.
ಬಿಲ್ಲಿನಲ್ಲಿ ಮುನೂರು ಎಂದು ಬರೆದು ಹರಿದು ಕೊಟ್ಟರು:
‘ಒತ್ತಿನ ದುಡ್ಡು ತಗೊಳ್ಳಲ್ಲ.’

ಶನಿವಾರದ ಮದುವೆಯಲ್ಲಿ ಯಾರೂ ಏನೂ ಹೇಳಲಿಲ್ಲ.
ಜಬೀನಾ ಒಮ್ಮೆ ತಿರುಗಿ ನೋಡಿದಳು, ಅಷ್ಟೇ.
ಆ ರಾತ್ರಿ ಜಾಕು ಕೀಳಲು ಮರೆತೆ.
ಸೋಮವಾರ ಬ್ಯಾಟರಿ ಸತ್ತಿತ್ತು, ಗಿಟಾರು ಪೂರ್ತಿ ಮೂಕ.
ಪೆಡಲೊಂದೇ ಇದ್ದಾಗ ಕದಿಯುತ್ತಿತ್ತು, ನಿಜ.
ಇಷ್ಟು ಕೈಕೊಟ್ಟಿರಲಿಲ್ಲ ಎಂದೂ.

ಐ.ಜಿ. ರೋಡಿನಲ್ಲಿ ಎರಡು ಬ್ಯಾಟರಿ ಕೊಂಡು
ಸೈಕಲ್ ಅಂಗಡಿಯ ಮುಂದೆ ನಿಂತು ಕೂಗಿದೆ.
ಮೇಲೆ ಕಿಟಕಿಯಲ್ಲಿ ಅವರ ಬೆನ್ನು ಕಾಣುತ್ತಿತ್ತು.
ಇನ್ನೊಂದು ಸಲ ಕೂಗಿದೆ.
ಆಮೇಲೆ ಮೆಟ್ಟಿಲು ಹತ್ತಿದೆ.