ಯಾವ ಕಳ್ಳ

ಗ್ರಿಮ್ಸ್‌ಬಿ ಠಾಣೆಯ ದಪ್ಪ ರಿಜಿಸ್ಟರಿನಲ್ಲಿ
ಕಳ್ಳ ಅಂತಷ್ಟೇ ಬರೆದರೆ ಸಾಲದು;
ಯಾವ ಕಳ್ಳ, ಹೇಳಬೇಕು.

ಥ್ಯಾಕ್ರೇ ಪೆನ್ಸಿಲ್ ನೆಕ್ಕಿ ಯೋಚಿಸುತ್ತಾನೆ.
ಸಂತೆಯ ನೂಕಿನಲ್ಲಿ ಜೇಬಿಗೆ ಬೆರಳಿಟ್ಟರೆ ಪಿಕ್‌ಪಾಕೆಟ್.
ಮಳೆನೀರಿನ ಕೊಳವೆ ಹಿಡಿದು ಮಹಡಿ ಹತ್ತಿದರೆ
ಅವನಿಗೆ ಬೆಕ್ಕಿನ ಹೆಸರು, ಹಾಲು ಕುಡಿಯದಿದ್ದರೂ.
ಹೊಳೆದದ್ದನ್ನೆಲ್ಲ ಎತ್ತಿಕೊಂಡರೆ ಮ್ಯಾಗ್‌ಪೈ;
ಪಾಪದ ಹಕ್ಕಿ, ಅದಕ್ಕೆ ವಕೀಲರಿಲ್ಲ.
ಹಡಗುಕಟ್ಟೆಯಲ್ಲಿ ದಿನಕ್ಕೊಂದು ಮೀನನ್ನು
ಕೋಟಿನೊಳಗೆ ಈಜಿಸುವವನಿಗೂ ಒಂದು ಮಾತಿದೆ,
ಬೆರಳು ಹಗುರವಂತೆ!
ಮೀನು ಎಷ್ಟು ಭಾರವಿತ್ತೋ ಯಾರೂ ಬರೆಯಲಿಲ್ಲ.

ಇವತ್ತಿನದು ಸ್ನೀಕ್ ಥೀಫ್.
ಬೀಗ ಮುರಿಯದವ, ಗಾಜು ಒಡೆಯದವ,
ಅಗುಳಿ ಹಾಕದ ಬಾಗಿಲ ಸಂದಿನಿಂದ
ಬಿಸಿಲಿನ ಹಾಗೆ ಒಳಬಂದು ಹೋಗುವವ.
ಹೆಸರು ಡೆಂಜಿಲ್, ವಯಸ್ಸು ಹನ್ನೊಂದು.
ಮಿಸೆಸ್ ಬ್ಲೆಂಕಿನ್‌ರ ಅಡುಗೆಮನೆಯಿಂದ
ಅರ್ಧ ಬ್ರೆಡ್ಡು, ಒಂದು ಚೂರು ಚೀಸ್.
ದೂರು ಕೊಟ್ಟದ್ದು ಪಕ್ಕದ ಮನೆಯವರು.

"ನಿನ್ನೆಯೂ ಬಂದಿದ್ದನೇ?"
"ಬಂದಿದ್ದ."
"ಮೊನ್ನೆ?"
"ಮೊನ್ನೆ ಬೆಣ್ಣೆ ಇರಲಿಲ್ಲ, ಪಾಪ."
"ಮತ್ತೆ ಅಗುಳಿ?"
ಆಕೆ ಕೈಚೀಲದ ಬಾಯಿ ಮುಚ್ಚಿದಳು, ತೆಗೆದಳು.
"ತುಕ್ಕು ಹಿಡಿದಿದೆ."

ಊರು ಸೂರೆ ಹೋದ ಮೇಲೆ
ಕೋಟೆ ಬಾಗಿಲು ಹಾಕುವವರನ್ನು ಥ್ಯಾಕ್ರೇ ಬಲ್ಲ,
ಅರ್ಧ ರಿಜಿಸ್ಟರು ಅವರದೇ.
ಬ್ರೆಡ್ಡು ಕೊಯ್ದಿಟ್ಟು, ಮೇಲೊಂದು ಬಟ್ಟೆ ಮುಚ್ಚಿ,
ಬಾಗಿಲು ಓರೆ ಮಾಡಿ,
ಮೆಟ್ಟಿಲು ಕಿರುಗುಟ್ಟದಂತೆ
ಕಳ್ಳಹೆಜ್ಜೆಯಲ್ಲಿ ಮಹಡಿಗೆ ಹೋಗಿ ಕೂರುವವಳಿಗೆ
ಏನೆನ್ನಬೇಕು?

ಮತ್ತೆ ಪೆನ್ಸಿಲ್ ನೆಕ್ಕಿದ. ನಾಲಿಗೆಯೆಲ್ಲ ಕಪ್ಪು.
ಕಳ್ಳನ ವಿವರ ಎಂದಿದ್ದ ಕಡೆ
ತುಕ್ಕು ಎಂದು ಬರೆದ.