ಲಾರಾಶ್, ಮೂರೂ ಮುಕ್ಕಾಲು

ಕೋಡು ಬರೆಯಲು ಬಾರದು ನನಗೆ.
ಪೆಟ್ಟಿಗೆ ಎಳೆದು ಪೆಟ್ಟಿಗೆಯ ಪಕ್ಕ ಇಡುತ್ತೇನೆ,
ಬೆರಳ ತುದಿಯಿಂದ ಗೆರೆ ಎಳೆದು ಗಂಟು ಹಾಕುತ್ತೇನೆ:
ಬಸ್ಸು, ಹೆಂಗಸರು, ಫೋನು, ಹೊತ್ತು.
ಸ್ಟ್ರಾಬೆರಿ ಶೆಡ್ಡಿನ ಲೆಕ್ಕದವಳು ನಾನು, ವಿಸ್ಸಾಲ್.
ಈ ಆಪು ಯಜಮಾನ ಹೇಳಿ ಮಾಡಿದ್ದಲ್ಲ.
ಬಸ್ಸು ತಪ್ಪಿದ ತೂರಿಯಾಳ ದಿನಗೂಲಿಯನ್ನು
ಎರಡು ಸಲ ನನ್ನ ಕೈಯಾರೆ ಹೊಡೆದುಹಾಕಿದ್ದೆ.

ನಿಮ್ಮ ಸಮಯ ಯಾವುದು? ಕೇಳಿತು ಪರದೆ.
ಗ್ರೀನಿಚ್ಚಿಗೆ ಒಂದು ಕೂಡಿಸು, ಎಂದೆ.
ಇನ್ನೇನು ಹೇಳಲಿ?
ಕಡಲಾಚೆಯ ಯಾವುದೋ ತಣ್ಣನೆ ಕೋಣೆಯಲ್ಲಿ
ಹಗಲಿರುಳು ಕಾಣದ ಯಂತ್ರವೊಂದು
ನನ್ನ ನಾಲ್ಕೂ ಮುಕ್ಕಾಲನ್ನು
ಮೂರೂ ಮುಕ್ಕಾಲೆಂದು ಬರೆದುಕೊಂಡಿತು.
ಅದರದೂ ತಪ್ಪಲ್ಲ.

ಹೂವು ಹಣ್ಣಾಗಿ, ಹಣ್ಣು ಡಬ್ಬಿಯಾಗಿ ಹೋಗುವ ತನಕ
ಒಂದು ನಸುಕೂ ತಪ್ಪಲಿಲ್ಲ.
ಆಮೇಲೆ ರಂಜಾನ್.
ಉಪವಾಸದ ತಿಂಗಳಿಗೆ ನಮ್ಮಲ್ಲಿ ಗಡಿಯಾರವೂ
ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಡುತ್ತದೆ.
ಶನಿವಾರ ಮಲಗುವ ಮುಂಚೆ ಅಮ್ಮ ಸ್ಟೂಲು ಹತ್ತಿ
ಗೋಡೆಯ ಮುಳ್ಳು ತಿರುಗಿಸಿದಳು.
ಪೆಟ್ಟಿಗೆಯೊಳಗೆ ನಾನು ಹಾಕಿಟ್ಟ ಒಂದು
ಒಂದಾಗಿಯೇ ಕೂತಿತ್ತು.

ಸೋಮವಾರ ಮಳೆ, ಶೆಡ್ಡಿಗೆ ರಜೆ.
ಮಂಗಳವಾರ, ಮೊದಲ ಉಪವಾಸ,
ಮೂರೂ ಮುಕ್ಕಾಲಿಗೆ ನಲವತ್ತೊಂದು ಫೋನು ಚೀರಿದವು:
ಇನ್ನು ಕಾಲು ಗಂಟೆಯಲ್ಲಿ ಬಸ್ಸು!
ಫೋನು ಒಂದು ಹೇಳುತ್ತದೆ, ಫೋನಿನೊಳಗಿನ ಆಪು ಇನ್ನೊಂದು;
ಮುಳ್ಳು ತಿರುಗಿದ ವಾರ ಯಾರನ್ನು ನಂಬುವುದು?
ಅಡುಗೆಮನೆಯಲ್ಲಿ ನಿಂತೇ ನುಂಗಬೇಕಿದ್ದ ಸಹರಿಯ ಊಟವನ್ನು
ಬಟ್ಟೆಯಲ್ಲಿ ಕಟ್ಟಿ ಓಡಿದರಂತೆ ಕೂಡುರಸ್ತೆಗೆ.

ಬಸ್ಸಿಲ್ಲ. ಡ್ರೈವರ್ ಜಿಲಾಲಿ ಇನ್ನೂ ಗೊರಕೆಯಲ್ಲಿ.
ಮೊದಲು ನನಗೆ ಬೈದರು
(ಎಂಬಾರ್ಕಾಳ ಬೈಗುಳ ಏಳು ತಲೆಮಾರು ಮುಟ್ಟಿ ಬರುತ್ತದೆ).
ಆಮೇಲೆ ಮುರುಕು ಹಲಗೆ ಒಟ್ಟಿ ಬೆಂಕಿ ಹಚ್ಚಿದರು.
ಬೇಯಿಸಿದ ಮೊಟ್ಟೆ, ಆಲಿವ್, ಫ್ಲಾಸ್ಕಿನ ತಳದ ಹರೀರಾ,
ಒಬ್ಬಳ ರೊಟ್ಟಿ ಇನ್ನೊಬ್ಬಳ ಕೈಗೆ.
ಒಂದೇ ಬೆಂಚಿನ ಎರಡು ತುದಿಗೆ ಹದಿನೇಳು ವರ್ಷ ನಿಂತ
ಯಮ್ನಾ, ತೂರಿಯಾ ಅವತ್ತು ಪಕ್ಕಪಕ್ಕ ಕೂತರಂತೆ.
ಯಮ್ನಾ ಎದ್ದು ತೀರಿಹೋದ ಗಂಡನ ಹಾಗೆ ನಡೆದು ತೋರಿಸಿದಳಂತೆ,
ಪ್ಯಾಂಟು ಮೇಲೆಳೆದುಕೊಳ್ಳುವುದು, ಕ್ಯಾಕರಿಸುವುದು, ಎಲ್ಲ.
ನಕ್ಕು ನಕ್ಕು ಯಾರೋ ಚಹಾ ಚೆಲ್ಲಿದರಂತೆ.
ಐದಕ್ಕೆ ಬಸ್ಸಿನ ದೀಪ ಕಂಡಾಗ
ಇಷ್ಟು ಬೇಗನೆ? ಎಂದಳಂತೆ ಒಬ್ಬಳು.

ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.
ಬೆಳಿಗ್ಗೆ ಗೊತ್ತಿದ್ದದ್ದು ತಪ್ಪು ಮಾತ್ರ.
ಹುಡುಕಿದೆ: ಅಂಕಿ ಬೇಡ, ಊರಿನ ಹೆಸರು ಕೊಡಬೇಕಂತೆ.
ಅಂಕಿಗೆ ಚಂದ್ರ ಕಾಣುವುದಿಲ್ಲ;
ಯಾವ ವರ್ಷ ಯಾವ ಭಾನುವಾರ ಹಿಂದೆ ಸರಿಯಬೇಕೆಂದು
ಹೆಸರು ನೆನಪಿಟ್ಟುಕೊಂಡಿರುತ್ತದೆ.
ಪಟ್ಟಿಯಲ್ಲಿ ಲಾರಾಶ್ ಇಲ್ಲ, ಕಾಸಾಬ್ಲಾಂಕಾ ಇದೆ.
ದೊಡ್ಡ ಊರಿನ ಹೆಸರಲ್ಲಿ
ಸಣ್ಣ ಊರುಗಳು ಮಲಗುತ್ತವೆ, ಏಳುತ್ತವೆ.
ಒತ್ತಿದೆ. ಉಳಿಸಿದೆ.

ಬುಧವಾರ ಎಲ್ಲ ಹೊತ್ತಿಗೆ ಸರಿಯಾಗಿ.
ಹಾಜರಿ ಪುಸ್ತಕದಲ್ಲಿ ಮಂಗಳವಾರಕ್ಕೂ ಐದರಿಂದಲೇ ಲೆಕ್ಕ,
ಅದರ ಹಿಂದಿನ ಗಂಟೆಗೆ ಕಾಲಮ್ಮೇ ಇಲ್ಲ.

ಶುಕ್ರವಾರ ಬಟವಾಡೆ. ಕಿಟಕಿಗೆ ಮೊಣಕೈ ಊರಿ
ಎಂಬಾರ್ಕಾ ಕೇಳಿದಳು:
ಇನ್ನೊಮ್ಮೆ ಕೆಡುತ್ತದೇನೇ ಅದು?
ಇಲ್ಲಮ್ಮ, ಇನ್ನು ಕೆಡುವುದಿಲ್ಲ, ಎಂದೆ ಹೆಮ್ಮೆಯಿಂದ.
ಹೌದಾ, ಎಂದಳು.
ನೋಟುಗಳನ್ನು ಎರಡು ಸಲ ಎಣಿಸಿದಳು.